ಪಂಚಾಯತಿಗೆ ಬರೆಸಿದ ಪ್ಲಾನ್, ಮನೆಗೆ ಬೇಕಾದ ಪ್ಲಾನ್

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ, ಕಟ್ಟಡದ ಭಾರ ಮತ್ತು ಬಲದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿದ್ದವರು ಹೊಸ ಮನೆ ಕಟ್ಟಲು ಹೊರಟವರು, ಹಳೆಮನೆ ರಿಪೇರಿಗೆ ಯೋಚಿಸುತ್ತಿದ್ದವರು, ಜೊತೆಗೆ ಕೆಲವು ಮೇಸ್ತ್ರಿಗಳು ಮತ್ತು ಇಂಜಿನಿಯರುಗಳು.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಯಾರಾದರೂ ಮನೆ ಕಟ್ಟುತ್ತಾರೆಂದು ಗೊತ್ತಾದರೆ ನೆಂಟರು ಕೇಳುವ ಮೊದಲ ಪ್ರಶ್ನೆ, "ಪ್ಲಾನ್ ಎಲ್ಲಿ ಬರೆಸಿದಿರಿ?" ಎಂಬುದು. ಪೇಟೆಯಲ್ಲಿ, ಪಂಚಾಯತ್ ಕಚೇರಿಗೆ ಹತ್ತಿರದ ಯಾವುದೋ ಮಹಡಿಯ ಮೇಲೊಂದು ಕೋಣೆ ಇರುತ್ತದೆ. ಅಲ್ಲಿಗೆ ಹೋಗಿ ಜಾಗ ಎಷ್ಟು ಸೆಂಟ್ಸ್, ಬೆಡ್‌ರೂಮು ಎಷ್ಟು, ಅಡುಗೆ ಕೋಣೆ ಯಾವ ಮೂಲೆಗೆ ಎಂದು ಹೇಳಿ ಬಂದರೆ ಒಂದು ವಾರದೊಳಗೆ ಪ್ಲಾನ್ ಕೈ ಸೇರುತ್ತದೆ. ಪರ್ಮಿಟ್ ಆಗುತ್ತದೆ. ಕೆಸರುಕಲ್ಲಿಗೆ, ಅಂದರೆ ಅಡಿಪಾಯದ ಮೊದಲ ಕಲ್ಲಿಡಲು, ದಿನ ನೋಡುತ್ತೇವೆ, ಮೇಸ್ತ್ರಿಗೆ ಮುಂಗಡ ಕೊಡುತ್ತೇವೆ.

ಇವತ್ತು ನನಗೆ ಹೇಳಲಿಕ್ಕಿರುವುದು ಆ ಪ್ಲಾನಿನ ಬಗ್ಗೆಯೇ. ಅದು ಪಂಚಾಯತಿಗೆ ಬರೆದ ಪ್ಲಾನ್. ರಸ್ತೆಯಿಂದ ಎಷ್ಟು ಜಾಗ ಬಿಟ್ಟಿದ್ದೀರಿ, ನೆರೆಯವರ ಗಡಿಯಿಂದ ಎಷ್ಟು ದೂರ, ಒಟ್ಟು ವಿಸ್ತೀರ್ಣ ಎಷ್ಟು, ಸೆಪ್ಟಿಕ್ ಟ್ಯಾಂಕ್ ಎಲ್ಲಿ ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ಅಡಿಪಾಯ ಎಷ್ಟು ಆಳ ಹೋಗಬೇಕು, ಬೀಮಿಗೆ ಎಷ್ಟು ಕಂಬಿ, ಯಾವ ದಪ್ಪದ್ದು, ಮೆಟ್ಟಿಲಿನ ಸ್ಲಾಬ್ ಯಾವ ಗೋಡೆಯ ಮೇಲೆ ಕೂರುತ್ತದೆ, ಮಾಡಿನ (ಛಾವಣಿಯ) ನೀರು ಬಿದ್ದು ಎತ್ತ ಹರಿಯುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರಗಳನ್ನು ಯಾರಾದರೂ ಕೊಡಲೇಬೇಕು. ಕೊಡುತ್ತಾರೆ ಕೂಡ. ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರು ಕಾಯುತ್ತಿರುತ್ತಾರೆ, ಲಾರಿ ಬಂದು ನಿಂತಿರುತ್ತದೆ, "ಕಳೆದ ಮನೆಗೆ ಹನ್ನೆರಡು ಮಿಲಿಮೀಟರಿನ ಕಂಬಿ ನಾಲ್ಕು ಹಾಕಿದ್ದೆವು, ಇಲ್ಲಿಗೂ ಅದೇ ಸಾಕು" ಎಂದು ಅಲ್ಲೇ ನಿಂತು ತೀರ್ಮಾನವಾಗುತ್ತದೆ. ತೀರ್ಮಾನ ಮಾಡಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಮೂರು ಮಳೆಗಾಲ ಕಳೆದು ಬಿರುಕು ಬಿಟ್ಟಾಗ ಕೇಳಲು ಹೋದರೆ ಪ್ಲಾನ್ ಬರೆದವರು "ನಾನು ಸೈಟಿಗೇ ಬಂದಿಲ್ಲವಲ್ಲ" ಎನ್ನುತ್ತಾರೆ, ಮೇಸ್ತ್ರಿ "ನೀವು ಹೇಳಿದ ಹಾಗೆ ಕಟ್ಟಿದೆ" ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ಆದ್ದರಿಂದ ವಿನ್ಯಾಸಕ್ಕೆ ಯಾರನ್ನು ಆರಿಸಬೇಕು ಎಂದು ನನ್ನನ್ನು ಕೇಳಿದರೆ, ಈ ತೀರ್ಮಾನಗಳನ್ನು ಮುಂಚಿತವಾಗಿ ಮಾಡಿ, ಕಾಗದಕ್ಕಿಳಿಸಿ, ಕೆಳಗೆ ಸಹಿ ಹಾಕಲು ತಯಾರಿರುವವರನ್ನು ಎನ್ನುತ್ತೇನೆ. ಫೋಟೋದಲ್ಲಿ ಚೆಂದ ಕಾಣುವ ಮನೆ ಎಷ್ಟು ಕಟ್ಟಿಸಿದ್ದಾರೆ ಎಂಬುದು ಅದರ ನಂತರದ ಮಾತು.

ಈಗ ಇದು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ. ಕೇರಳದಲ್ಲಿ 300 ಚದರ ಮೀಟರಿನ ಒಳಗಿನ ಸಾಮಾನ್ಯ ಮನೆಗಳಿಗೆ ಸ್ವಯಂ ದೃಢೀಕರಣದ ಮೇಲೆ ಪರ್ಮಿಟ್ ಸಿಗುವ ವ್ಯವಸ್ಥೆ ಬಂದಿದೆ. ಹಿಂದೆ ಪಂಚಾಯತಿನವರು ಬಂದು ಜಾಗ ನೋಡಿ, ತಪ್ಪಿದ್ದರೆ ಪ್ಲಾನ್ ತಿರುಗಿ ಕಳಿಸುತ್ತಿದ್ದರು. ಈಗ "ಎಲ್ಲವೂ ನಿಯಮದಂತಿದೆ" ಎಂದು ಮನೆಯ ಯಜಮಾನರೂ ಲೈಸೆನ್ಸ್ ಇರುವವರೂ ಸೇರಿ ಬರೆದುಕೊಡುತ್ತಾರೆ. ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಆದರೆ ಹೇಳಿಕೆ ಸುಳ್ಳಾದರೆ ಅದರ ಕೆಳಗಿರುವುದು ನಿಮ್ಮ ಸಹಿ. ಪಕ್ಕದಲ್ಲಿ ಯಾರ ಸಹಿ ಇದೆ ಎಂದು ನೋಡದೆ ಹಾಕಬೇಡಿ.

ಯಾರು ಯಾರು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರ್ಕಿಟೆಕ್ಟ್ ಎಂದರೆ ಸಾಮಾನ್ಯವಾಗಿ ಐದು ವರ್ಷದ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ಹೆಸರು ನೋಂದಾಯಿಸಿದವರು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಂತೆ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ. 'ಸಿಎ' ಎಂದು ಶುರುವಾಗುವ ನೋಂದಣಿ ಸಂಖ್ಯೆ ಅವರಿಗಿರುತ್ತದೆ. ಕೇಳಿದರೆ ಬೇಸರಪಡುವಂಥದ್ದಲ್ಲ, ಸಂಕೋಚ ಬೇಡ. ಹಾಗೆಂದು ಮನೆಯ ವಿನ್ಯಾಸವನ್ನು ಆರ್ಕಿಟೆಕ್ಟೇ ಮಾಡಬೇಕೆಂಬ ಕಾನೂನಿಲ್ಲ. ಆ ಕಾಯ್ದೆ ರಕ್ಷಿಸುವುದು ಹೆಸರನ್ನು ಮಾತ್ರ, ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡದಂತೆ ತಡೆಯುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ 'ಹೋಮ್ ಡಿಸೈನರ್', 'ಬಿಲ್ಡಿಂಗ್ ಕನ್ಸಲ್ಟೆಂಟ್' ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಬಹುದು. ಅದರ ಹಿಂದಿರುವವರ ಓದು ಏನು ಎಂದು ನೀವೇ ವಿಚಾರಿಸಬೇಕು.

ಇಂಜಿನಿಯರುಗಳಿಗೆ ಅಂಥ ದೇಶವ್ಯಾಪಿ ಕಾಯ್ದೆ ಇಲ್ಲ. ಕೇರಳದ ಕಟ್ಟಡ ನಿಯಮಗಳ ಪ್ರಕಾರ ಇಂಜಿನಿಯರುಗಳೂ ಸೂಪರ್‌ವೈಸರುಗಳೂ ನೋಂದಾಯಿಸಿ ಲೈಸೆನ್ಸ್ ಪಡೆಯಬೇಕು. ಅವರಲ್ಲಿ ದರ್ಜೆಗಳಿವೆ, ಯಾವ ದರ್ಜೆಯವರು ಎಷ್ಟು ದೊಡ್ಡ ಕಟ್ಟಡಕ್ಕೆ ಸಹಿ ಹಾಕಬಹುದು ಎಂಬ ಮಿತಿಯೂ ಇದೆ. ಗಡಿನಾಡಿನವರಾದ ನಾವು ಮಂಗಳೂರು, ಪುತ್ತೂರುಗಳಿಂದ ಜನ ಕರೆಸುವುದು ಸಾಮಾನ್ಯ. ಆರ್ಕಿಟೆಕ್ಟ್ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ. ಕರ್ನಾಟಕದ ಸ್ಥಳೀಯ ಸಂಸ್ಥೆ ಕೊಟ್ಟ ಇಂಜಿನಿಯರ್ ಲೈಸೆನ್ಸ್ ಮಾತ್ರ ಮಂಜೇಶ್ವರದಲ್ಲಿ ನಡೆಯುವುದಿಲ್ಲ. ಅಂಥವರು ಪ್ಲಾನ್ ಮಾಡಿ, ಇಲ್ಲಿಯ ಬೇರೊಬ್ಬರಿಂದ ಸಹಿ ಹಾಕಿಸುತ್ತಾರೆ. ಹಾಗೆ ಮಾಡುವುದಾದರೆ ಸಹಿ ಹಾಕುವವರು ಯಾರು, ಅವರು ನಿಮ್ಮ ಜಾಗವನ್ನು ಕಣ್ಣಿನಿಂದ ನೋಡಿದ್ದಾರೆಯೇ ಎಂಬುದು ನಿಮಗೆ ಗೊತ್ತಿರಲಿ.

ಎಲ್ಲರೂ ಆರ್ಕಿಟೆಕ್ಟ್ ಹತ್ತಿರವೇ ಹೋಗಬೇಕು ಎಂದು ನಾನು ಹೇಳುವುದಿಲ್ಲ. ಸಮತಟ್ಟು ಜಾಗ, ಗಟ್ಟಿ ನೆಲ, ಒಂದೇ ಅಂತಸ್ತು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಯ ಮೇಲೆ ಸಾಧಾರಣ ಅಗಲದ ಕೋಣೆಗಳು ಎಂದಾದರೆ ಒಬ್ಬ ಒಳ್ಳೆಯ ಸಿವಿಲ್ ಇಂಜಿನಿಯರ್ ಸಾಕು. ಮಹಡಿ ಇದ್ದರೆ, ದೊಡ್ಡ ಹಾಲ್ ಇದ್ದರೆ, ಕಂಬವಿಲ್ಲದ ಪೋರ್ಟಿಕೋ ಇದ್ದರೆ, ಜಾಗ ಇಳಿಜಾರಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕೇ ಬೇಕು. ಜಾಗ ವಕ್ರವಾಗಿದೆ, ಮನೆಯಲ್ಲಿ ಮೂರು ತಲೆಮಾರು ಇದೆ, ಗಾಳಿ ಬೆಳಕು ಎಲ್ಲಿಂದ ಬರಬೇಕು ಎಂದು ತಲೆ ಕೆಡಿಸಿಕೊಂಡಿದ್ದೀರಿ ಎಂದಾದರೆ ಆರ್ಕಿಟೆಕ್ಟಿಗೆ ಕೊಟ್ಟ ಹಣ ಖಂಡಿತ ವ್ಯರ್ಥವಲ್ಲ. ಅಡುಗೆ ಕೋಣೆಯ ಕಪಾಟು, ಬಣ್ಣ, ದೀಪಗಳಿಗೆ ಇಂಟೀರಿಯರ್ ಡಿಸೈನರ್ ಇದ್ದಾರೆ. ಆದರೆ ಅವರು "ಈ ಗೋಡೆ ತೆಗೆದರೆ ಜಾಗ ವಿಶಾಲವಾಗುತ್ತದೆ" ಎಂದ ಕೂಡಲೇ ಕೆಲಸ ನಿಲ್ಲಿಸಿ ಇಂಜಿನಿಯರನ್ನು ಕರೆಸಿ.

ಇಳಿಜಾರಿನ ಮಾತು ಬಂತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳು ಏಳುವುದು ಗುಡ್ಡೆಯ ಬದಿಯಲ್ಲಿ. ಅಡಿಕೆ ತೋಟ ಕೆಳಗೆ, ಮನೆ ಮೇಲೆ. ಗದ್ದೆ ತುಂಬಿಸಿ ಕಟ್ಟುವುದಕ್ಕೆ 2008ರ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಅಡ್ಡ ಬರುವುದರಿಂದ ಈಗಂತೂ ಎಲ್ಲರ ಕಣ್ಣು ಗುಡ್ಡೆಯ ಮೇಲೆಯೇ. ಮೊದಲ ಕೆಲಸ ಜೆಸಿಬಿ ತಂದು ಗುಡ್ಡೆ ತರಿದು ತಟ್ಟು ಮಾಡುವುದು. ಮೇಲ್ಭಾಗದಲ್ಲಿ ಗಟ್ಟಿ ಮುರಕಲ್ಲು ಇರುತ್ತದೆ, ಜೆಸಿಬಿಯ ಹಲ್ಲು ತಾಗಿದರೆ ಕಿಡಿ ಹಾರುವಷ್ಟು. ಅದನ್ನು ನೋಡಿ ನಮಗೆ ಧೈರ್ಯ ಬರುತ್ತದೆ. ಅದರ ಅಡಿಯಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣದ ಶೇಡಿ ಮಣ್ಣು ಇರುತ್ತದೆ. ಬೇಸಗೆಯಲ್ಲಿ ತರಿದಾಗ ಅದೂ ನೆಟ್ಟಗೆ ಗೋಡೆಯ ಹಾಗೆ ನಿಲ್ಲುತ್ತದೆ. ಒಣಗಿದಾಗ ಅದಕ್ಕೆ ಬಲವಿದೆ, ನೀರು ಕುಡಿದಾಗ ಆ ಬಲ ಬಹುಪಾಲು ಬಿಟ್ಟುಹೋಗುತ್ತದೆ. ಮೇಲಿನ ಮುರಕಲ್ಲಿನ ತೂತುಗಳಿಂದ ಇಳಿದ ಮಳೆನೀರು ಈ ಶೇಡಿಯ ಮೇಲೆ ನಿಂತು ಅಡ್ಡಕ್ಕೆ ಹರಿಯತೊಡಗಿದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನಲ್ಲಿ) ದರೆ, ಅಂದರೆ ತರಿದು ನಿಲ್ಲಿಸಿದ ಆ ಮಣ್ಣಿನ ಗೋಡೆ, ಜರಿಯುತ್ತದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿಗೆ ಕುಸಿದು ಬಿದ್ದುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮನೆಯ ಹಿಂದಿನ ದರೆ ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ ಅದು ಮಲಗುವ ಕೋಣೆಯ ಕಿಟಕಿಯಿಂದ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ.

ಜಾಗ ತೋರಿಸಲು ಕರೆದ ವ್ಯಕ್ತಿ ಆ ಜಾಗದಲ್ಲಿ ಏನು ಮಾಡುತ್ತಾರೆ ನೋಡಿ. ಗಡಿಗಲ್ಲಿನ ಅಳತೆ ಹಿಡಿದು ಹೊರಟುಹೋದರೆ ಅವರು ಪಂಚಾಯತಿಗೆ ಪ್ಲಾನ್ ಬರೆಯುವವರು. ಮೇಲಿನ ಜಾಗಕ್ಕೆ ಹತ್ತಿ, ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿಯುತ್ತದೆ ಎಂದು ಕೇಳಿದರೆ, ಪಕ್ಕದ ಮನೆಯವರು ಬಾವಿ ತೋಡಿದಾಗ ಎಷ್ಟು ಕೋಲು ಆಳಕ್ಕೆ ಶೇಡಿ ಸಿಕ್ಕಿತು ಎಂದು ವಿಚಾರಿಸಿದರೆ, "ಇಲ್ಲಿ ಸುರಂಗ ಇದೆಯಾ? ಯಾವ ಕಡೆಗೆ ಹೋಗಿದೆ?" ಎಂದು ಕೇಳಿದರೆ ಅವರು ಕೆಲಸ ಗೊತ್ತಿರುವವರು. ಸುರಂಗದ ಪ್ರಶ್ನೆ ನಮ್ಮ ಊರಿನಲ್ಲಿ ಬಹಳ ಮುಖ್ಯ. ಪೆರ್ಲ, ಬಾಯಾರು, ಎಣ್ಮಕಜೆ ಕಡೆ ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳು ಇವತ್ತಿಗೂ ಇವೆ. ಕೇರಳದ ಕಟ್ಟಡ ನಿಯಮದಲ್ಲಿ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ 7.5 ಮೀಟರ್ ಅಂತರ ಬೇಕು ಎಂದಿದೆ. ಬಾವಿ ಎಲ್ಲರಿಗೂ ಕಾಣುತ್ತದೆ. ಅಜ್ಜನ ಕಾಲದ ಸುರಂಗ ಅಂಗಳದ ಅಡಿಯಲ್ಲೇ ಹಾದುಹೋಗಿದ್ದರೆ ಪ್ಲಾನಿನ ಕಾಗದದಲ್ಲಿ ಕಾಣುವುದಿಲ್ಲ, ಕೇಳಿ ತಿಳಿಯಬೇಕು.

ಮುರಕಲ್ಲಿನ ಬಗ್ಗೆಯೂ ಎರಡು ಮಾತು. ಎಲ್ಲ ಕಲ್ಲೂ ಒಂದೇ ಎಂದು ತಿಳಿಯಬಾರದು. ಭಾರತೀಯ ಮಾನಕದ ಪ್ರಕಾರ ಗೋಡೆಗೆ ಬಳಸುವ ಮುರಕಲ್ಲಿಗೆ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳುವ ಬಲ ಬೇಕು. ಒಂದೇ ಕೋರೆಯ ಮೇಲಿನ ಪದರದ ಕಲ್ಲಿಗೂ ತಳದ ಕಲ್ಲಿಗೂ ವ್ಯತ್ಯಾಸ ಇರುತ್ತದೆ, ತಳಕ್ಕೆ ಹೋದ ಹಾಗೆ ಮಣ್ಣಿನ ಅಂಶ ಹೆಚ್ಚು. ಹಳಬ ಮೇಸ್ತ್ರಿಗಳು ಕತ್ತಿಯ ಹಿಡಿಯಿಂದ ತಟ್ಟಿ ಸದ್ದು ಕೇಳಿ ಕಲ್ಲು ಬೇರೆ ಮಾಡುತ್ತಾರೆ, ಆ ಜ್ಞಾನಕ್ಕೆ ನನಗೆ ತುಂಬ ಗೌರವವಿದೆ. ಎರಡು ಅಂತಸ್ತಿನ ಮನೆಯಾದರೆ ಅದರ ಜೊತೆಗೆ ನಾಲ್ಕಾರು ಕಲ್ಲನ್ನು ಲ್ಯಾಬಿಗೆ ಕಳಿಸಿ ಒಡೆಸಿ ನೋಡಬೇಕು. ಇದನ್ನು ನೀವು ಕೇಳುವ ಮೊದಲೇ ಹೇಳುವ ಇಂಜಿನಿಯರ್ ಸಿಕ್ಕಿದರೆ ಬಿಡಬೇಡಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ, ಗಾಳಿಯೊಂದಿಗೆ ಓರೆಯಾಗಿ ಬೀಳುತ್ತದೆ. ಹೀಗಿರುವಾಗ ಕಿಟಕಿಯ ಮೇಲೆ ಸನ್‌ಶೇಡ್ ಇಲ್ಲದ, ಮಾಡಿನ ಅಂಚು ಹೊರಚಾಚದ, ಪೆಟ್ಟಿಗೆಯಂತೆ ನಿಂತ ಮನೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ "ಇಂಥದ್ದೇ ಬೇಕು" ಎನ್ನುತ್ತೇವೆ. ಅದು ಮಳೆ ಕಡಿಮೆ ಇರುವ ಊರಿನ ಮನೆ. ಇಲ್ಲಿ ಅದನ್ನು ಕಟ್ಟಿದರೆ ಎರಡನೇ ವರ್ಷ ಗೋಡೆಯಲ್ಲಿ ಹಾವಸೆ, ಮೂರನೇ ವರ್ಷ ತಾರಸಿ ಸೋರಿಕೆ, ನಾಲ್ಕನೇ ವರ್ಷ ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು. ಉಪ್ಪಳದಿಂದ ಮುಳ್ಳೇರಿಯದವರೆಗೆ ಎಲ್ಲಿ ನೋಡಿದರೂ ತಾರಸಿಯ ಮೇಲೊಂದು ಶೀಟಿನ ಮಾಡು ಕಾಣುತ್ತದಲ್ಲ, ಅಂದರೆ ಒಂದೇ ಮನೆಗೆ ಎರಡು ಸಲ ಮಾಡು ಹೊದೆಸಿದ ಖರ್ಚು. ಚಿತ್ರ ನೋಡಿದ ಕೂಡಲೇ "ಆಯ್ತು, ಮಾಡಿಕೊಡೋಣ" ಎನ್ನುವವರಿಗಿಂತ, "ಇದಕ್ಕೆ ಇಲ್ಲಿ ಹೀಗಾಗುತ್ತದೆ, ನಿಮಗೆ ಇದರಲ್ಲಿ ಇಷ್ಟವಾದದ್ದು ಯಾವುದು ಹೇಳಿ, ಅದನ್ನು ಉಳಿಸಿಕೊಂಡು ಬೇರೆ ದಾರಿ ನೋಡೋಣ" ಎನ್ನುವವರು ಬೇಕು.

ಲಾರಿ ಬೇಕರ್ ಅವರ ಮನೆಗಳ ಚಿತ್ರ ತರುವವರೂ ಇದ್ದಾರೆ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತಕ್ಕೆ ಬಂದು, ತಿರುವನಂತಪುರದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಆ ಹಿರಿಯರ ಕೆಲಸ ಕೇರಳಕ್ಕೆಲ್ಲ ಪಾಠ. ಅವರ ರ‍್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ, ಇಟ್ಟಿಗೆ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ. ಆದರೆ ಅದು ಇಟ್ಟಿಗೆಗೆ ಹೇಳಿದ ವಿಧಾನ, ನಮ್ಮ ದಪ್ಪ ಮುರಕಲ್ಲಿಗೆ ಹೊಂದುವುದಿಲ್ಲ. ಬೇಕರ್ ಹೇಳುತ್ತಿದ್ದುದು ಹತ್ತಿರದಲ್ಲಿ ಸಿಗುವ ಸಾಮಗ್ರಿಯಿಂದ, ಆ ಊರಿನ ಕೆಲಸಗಾರರಿಂದ ಕಟ್ಟಿ ಎಂದು. ನಮಗೆ ಹತ್ತಿರದಲ್ಲಿರುವುದು ಮುರಕಲ್ಲು. ದೂರದಿಂದ ಇಟ್ಟಿಗೆ ತರಿಸಿ ಅವರ ಗೋಡೆ ಕಟ್ಟಿದರೆ ಅವರ ಮಾತನ್ನೇ ಮೀರಿದ ಹಾಗಾಯಿತು.

ಹಳೆಮನೆಗೆ ಬರುತ್ತೇನೆ. ಹೊಸ ಮನೆಗಿಂತ ಇಲ್ಲಿ ಆಯ್ಕೆ ಕಷ್ಟ, ತಪ್ಪಿದರೆ ಅಪಾಯವೂ ಹೆಚ್ಚು. ನಮ್ಮ ಹಳೆಮನೆಗಳು ಹೆಚ್ಚಿನವು ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ ಗೋಡೆ, ಅದರ ಮೇಲೆ ಮರದ ತೊಲೆ, ಇಳಿಜಾರಿಗೆ ಪಕ್ಕಾಸು, ಅದಕ್ಕೆ ಅಡ್ಡಲಾಗಿ ರೀಪು, ಮೇಲೆ ಹಂಚು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಅದಾದ ಮೇಲೆ ನಮ್ಮ ಮುಳಿಹುಲ್ಲಿನ ಮಾಡುಗಳೆಲ್ಲ ಒಂದೊಂದಾಗಿ ಹಂಚಿಗೆ ತಿರುಗಿದವು. ಈಗ ಹಂಚು ಒಡೆಯುತ್ತದೆ, ಮಂಗ ಬರುತ್ತದೆ, ಮರ ಗೆದ್ದಲು ಹಿಡಿದಿದೆ ಎಂದು ಹಂಚು ತೆಗೆದು ಸ್ಲಾಬ್ ಹಾಕಿಸಿ ಎನ್ನುತ್ತಾರೆ. ಭಾರದ ಲೆಕ್ಕ ನೋಡಿ. ರೀಪು ಸಮೇತ ಮಂಗಳೂರು ಹಂಚಿನ ಮಾಡು ಒಂದು ಚದರ ಮೀಟರಿಗೆ ಸುಮಾರು 65 ಕಿಲೋ. ಹನ್ನೆರಡು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲಾಬ್ ಅಷ್ಟೇ ಜಾಗಕ್ಕೆ 300 ಕಿಲೋ. ಅಜ್ಜ ಹಂಚಿನ ಭಾರಕ್ಕೆಂದು ಕಟ್ಟಿದ ಮಣ್ಣುಗಾರೆಯ ಗೋಡೆಯ ಮೇಲೆ ನಾಲ್ಕು ಪಟ್ಟಿಗಿಂತ ಹೆಚ್ಚು ಭಾರ ಹೇರುತ್ತೇವೆ. ಅದರ ಜೊತೆ ನಡುಮನೆಯನ್ನು ದೊಡ್ಡದು ಮಾಡಲು ಒಂದು ಗೋಡೆಗೆ ಎಂಟಡಿ ಬಾಗಿಲು ಕೊರೆಯುತ್ತೇವೆ.

ಹಳೆಮನೆ ನೋಡಲು ಬಂದವರು ಚಾವಡಿಯಲ್ಲಿ ಕೂತು ಕಾಫಿ ಕುಡಿದು ಎಸ್ಟಿಮೇಟ್ ಹೇಳಿದರೆ ನಂಬಬೇಡಿ. ಎಣ್ಮಕಜೆ ಕಡೆಯ ನಡುವೆ ಅಂಗಳವಿರುವ ಒಂದು ನಾಲ್ಕುಸುತ್ತಿನ ಮನೆಗೆ ನಾನು ಒಬ್ಬ ಯುವ ಆರ್ಕಿಟೆಕ್ಟ್ ಜೊತೆ ಹೋಗಿದ್ದೆ. ಆಕೆ ಮೊದಲು ಕೇಳಿದ್ದು ಏಣಿ. ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ, ಗೋಡೆಯ ಮೇಲೆ ತೊಲೆ ಕೂರುವ ಪ್ರತಿಯೊಂದು ಜಾಗದಲ್ಲೂ ಸ್ಕ್ರೂಡ್ರೈವರಿನಿಂದ ಮರವನ್ನು ಚುಚ್ಚಿ ನೋಡಿದರು. ನಡುಭಾಗದಲ್ಲಿ ಮರ ಕಬ್ಬಿಣದ ಹಾಗಿತ್ತು. ತೆಂಕು ಬದಿಯಲ್ಲಿ, ಎರಡು ಮಾಡುಗಳು ಸೇರಿ ಕಣಿವೆಯಾಗುವಲ್ಲಿ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಅಲ್ಲಿ ತಗಡು ತುಕ್ಕು ಹಿಡಿದು ವರ್ಷಗಟ್ಟಲೆ ನೀರು ತೊಲೆಯ ತುದಿಗೆ ಇಳಿದಿತ್ತು. ಇಡೀ ಮಾಡು ಕಿತ್ತುಹಾಕಬೇಕೆಂದು ಮನೆಯವರಿಗೆ ಮೊದಲು ಸಲಹೆ ಸಿಕ್ಕಿತ್ತು. ಕೊನೆಗೆ ಬದಲಾಯಿಸಿದ್ದು ಕಣಿವೆಯ ತಗಡು, ಆ ತೊಲೆ, ಕೆಲವು ಪಕ್ಕಾಸು. ಹೊರಗೋಡೆಗೆ ಯಾರೋ ಮೆತ್ತಿದ್ದ ಸಿಮೆಂಟ್ ಸಾರಣೆಯನ್ನು ಕೆರೆದು ಸುಣ್ಣದ ಸಾರಣೆ ಮಾಡಿಸಿದರು, ಯಾಕೆಂದರೆ ಮಣ್ಣುಗಾರೆಯ ಗೋಡೆಯೊಳಗಿನ ತೇವ ಹೊರಗೆ ಹೋಗಲು ಸಿಮೆಂಟ್ ಬಿಡುವುದಿಲ್ಲ. ಶೌಚಾಲಯ ಮತ್ತು ಹೊಸ ಅಡುಗೆ ಕೋಣೆಯನ್ನು ಹಳೆಯ ಗೋಡೆಗೆ ಭಾರ ಬೀಳದ ಹಾಗೆ ಬೇರೆಯೇ ಅಡಿಪಾಯದ ಮೇಲೆ ಹಿಂಬದಿಗೆ ಸೇರಿಸಿದರು. ಇಂಥ ಮನೆಗೆ ಹಳೆಯ ಕಟ್ಟಡದ ಕೆಲಸ ಮಾಡಿ ಗೊತ್ತಿರುವವರೇ ಬೇಕು. ಹೊಸ ಮನೆ ನೂರು ಕಟ್ಟಿಸಿದ ಅನುಭವ ಇಲ್ಲಿಗೆ ತಾನಾಗಿ ಬರುವುದಿಲ್ಲ.

ಕಡಲ ಬದಿಯವರಿಗೆ ಒಂದು ಬೇರೆ ಮಾತಿದೆ. ಮಂಜೇಶ್ವರ, ಕುಂಬಳೆ, ಮೊಗ್ರಾಲ್ ತೀರದಲ್ಲಿ ಉಪ್ಪಿನ ಗಾಳಿ ಕಾಂಕ್ರೀಟಿನೊಳಗಿನ ಕಂಬಿಯನ್ನು ತಿನ್ನುತ್ತದೆ. ಕಡಲ ಗಾಳಿಗೆ ತೆರೆದ ಕಾಂಕ್ರೀಟಿಗೆ ಮಾನಕದಲ್ಲಿ ಎಂ 30 ಎಂಬ ಬಲದ ದರ್ಜೆ ಮತ್ತು ಕಂಬಿಯ ಹೊರಗೆ 45 ಮಿಲಿಮೀಟರ್ ಕವರ್ (ಕಾಂಕ್ರೀಟಿನ ಹೊದಿಕೆ) ಹೇಳಿದೆ. ನಿಮ್ಮ ಇಂಜಿನಿಯರ್ ಕೊಟ್ಟ ಡ್ರಾಯಿಂಗಿನಲ್ಲಿ ಈ ಎರಡು ಅಂಕಿ ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಕೇಳಿ.

ಆಯ್ಕೆಗೆ ಮೊದಲು ಅವರ ಹಳೆಯ ಕೆಲಸ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಮನೆಒಕ್ಕಲಿನ ದಿನ ಎಲ್ಲ ಮನೆಯೂ ಚೆಂದ. ಮೂರು ನಾಲ್ಕು ಮಳೆಗಾಲ ಕಂಡ ಮನೆಗೆ, ಸಾಧ್ಯವಾದರೆ ಜುಲೈಯಲ್ಲೇ ಹೋಗಿ. ಡಿಸೈನರ್ ಜೊತೆಯಲ್ಲಿಲ್ಲದೆ ಹೋಗಿ. ಅಡುಗೆ ಮಾಡುವ ಅಮ್ಮನ ಹತ್ತಿರ ಮಾತಾಡಿ. ಹೊಗೆ ಎಲ್ಲಿಗೆ ಹೋಗುತ್ತದೆ, ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಎರಚಲು ಎಲ್ಲಿಯವರೆಗೆ ಬರುತ್ತದೆ, ರಾತ್ರಿ ಹೊತ್ತು ಅಜ್ಜಿ ಶೌಚಾಲಯಕ್ಕೆ ಎಷ್ಟು ಮೆಟ್ಟಿಲು ಇಳಿಯಬೇಕು ಎಂದು ಕೇಳಿ. ಕಟ್ಟುವಾಗ ಲೆಕ್ಕ ಎಷ್ಟು ಹೇಳಿದ್ದರು, ಮುಗಿಯುವಾಗ ಎಷ್ಟಾಯಿತು, ಹೆಚ್ಚಾದದ್ದು ಯಾಕೆ ಎಂದೂ ಕೇಳಿ. ಮನೆಯವರು ತಾವೇ ಬದಲಾವಣೆ ಮಾಡಿಸಿ ಹೆಚ್ಚಾಗಿದ್ದರೆ ಅದು ಬೇರೆ.

ಹಾಗೆಯೇ ಮೊದಲ ಭೇಟಿಯಲ್ಲಿ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂದು ಗಮನಿಸಿ. ಅಡಿಕೆ ಎಷ್ಟು, ಒಣಗಿಸಲು ಅಂಗಳ ಎಷ್ಟು ಬೇಕು, ಮನೆಯಲ್ಲಿ ದೈವದ ಕೋಣೆ ಇದೆಯೇ, ದೈವಕ್ಕೆ ತಂಬಿಲ ಸೇವೆಯ ದಿನ ಎಷ್ಟು ಜನ ಸೇರುತ್ತಾರೆ, ನಾಗಬನ ಎಲ್ಲಿದೆ, ಮಕ್ಕಳು ಊರಿನಲ್ಲೇ ಇರುತ್ತಾರೋ ಇಲ್ಲವೋ, ಇವೆಲ್ಲ ಮನೆಯ ವಿನ್ಯಾಸದ ಪ್ರಶ್ನೆಗಳೇ. ಇದ್ಯಾವುದನ್ನೂ ಕೇಳದೆ ಚದರ ಅಡಿಯ ರೇಟು ಹೇಳುವವರು ನಿಮಗೆ ಇನ್ನೊಬ್ಬರ ಮನೆಯನ್ನು ಕೊಡುತ್ತಾರೆ.

ಕರಾರು ಬರೆಯಿಸಿ. ನೆಂಟರೇ ಆದರೂ ಬರೆಯಿಸಿ. ಯಾವ ಯಾವ ಡ್ರಾಯಿಂಗ್ ಕೊಡುತ್ತಾರೆ, ಸೈಟಿಗೆ ಯಾವ ಯಾವ ಹಂತದಲ್ಲಿ ಬರುತ್ತಾರೆ, ಫೀಸು ಎಷ್ಟು, ಯಾವ ಕಂತಿನಲ್ಲಿ, ಜಿಎಸ್‌ಟಿ ಸೇರಿದೆಯೇ ಎಂಬುದು ಅದರಲ್ಲಿರಲಿ. ನನ್ನ ಮಟ್ಟಿಗೆ ಮೂರು ಭೇಟಿ ತಪ್ಪಲೇಬಾರದು: ಅಡಿಪಾಯದ ಹೊಂಡ ತೋಡಿದಾಗ ಕಲ್ಲು ಬೀಳುವ ಮೊದಲು, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ, ಮತ್ತು ಸ್ಲಾಬಿಗೆ ಕಂಬಿ ಕಟ್ಟಿ ಕಾಂಕ್ರೀಟ್ ಬೀಳುವ ಹಿಂದಿನ ದಿನ. ಕರಾರು ಯಾವ ಭಾಷೆಯಲ್ಲಿರಬೇಕು ಎಂದರೆ ಸಹಿ ಹಾಕುವವರು ಓದಬಲ್ಲ ಭಾಷೆಯಲ್ಲಿ. ಮಲಯಾಳ ಓದಲು ಬಾರದ ನಮ್ಮ ಹಿರಿಯರು ಅಕ್ಷರ ತಿಳಿಯದ ಕಾಗದಕ್ಕೆ ಸಹಿ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸರಕಾರಿ ಕಚೇರಿಗಳೊಂದಿಗೇ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಗಡಿಭಾಗದ ಕನ್ನಡಿಗರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಖಾಸಗಿ ಕರಾರನ್ನು ಕನ್ನಡದಲ್ಲಿ ಕೇಳಲು ಹಿಂಜರಿಯಬೇಕಾಗಿಲ್ಲ.

ಕಮಿಷನ್ ವಿಷಯವನ್ನೂ ಬಾಯಿಬಿಟ್ಟು ಕೇಳಿ. ಟೈಲ್ಸ್, ಸ್ಯಾನಿಟರಿ, ಮರದ ಅಂಗಡಿಗಳಿಂದ ಪಾಲು ಬರುವುದಾದರೆ ಆ ಹಣ ನಿಮ್ಮ ಬಿಲ್ಲಿನಿಂದಲೇ ಹೋಗುವುದು. ಫೀಸು ಸ್ವಲ್ಪ ಹೆಚ್ಚು ಕೇಳಿ ಕಮಿಷನ್ ಮುಟ್ಟದವರು ಒಟ್ಟಿನಲ್ಲಿ ಅಗ್ಗ ಬೀಳುತ್ತಾರೆ. ಇನ್ನು, "ಪ್ಲಾನಿನಲ್ಲಿ ಕಮ್ಮಿ ತೋರಿಸಿ ಆಮೇಲೆ ಸೇರಿಸೋಣ" ಎಂದವರನ್ನು ಅಲ್ಲಿಗೇ ಬಿಡಿ. 100 ಚದರ ಮೀಟರ್ ಮೀರಿದರೆ ಕಟ್ಟಡ ತೆರಿಗೆ, 278.7 ಮೀರಿದರೆ ಲಕ್ಸುರಿ ಟ್ಯಾಕ್ಸ್ ಎಂಬ ಹೆದರಿಕೆಯಿಂದ ಹೀಗೆ ಮಾಡುತ್ತಾರೆ. ಕೊನೆಗೆ ಮನೆ ನಂಬ್ರ ಸಿಗುವಾಗ, ಬ್ಯಾಂಕಿನ ಸಾಲ ಬಿಡುಗಡೆಯಾಗುವಾಗ ಅಳತೆ ತಾಳೆಯಾಗದೆ ಅಲೆಯುವುದು ನೀವು.

ಸಭೆಯಲ್ಲಿ ಒಬ್ಬರು ವಾಸ್ತುವಿನ ಬಗ್ಗೆ ಚೀಟಿ ಕಳಿಸಿದ್ದಾರೆ. ನಂಬಿಕೆ ಇರುವವರು ಖಂಡಿತ ಕೇಳಿ. ಆದರೆ ವಾಸ್ತು ನೋಡುವವರನ್ನು ಮೊದಲೇ ಕರೆಸಿ, ಪ್ಲಾನ್ ಮಾಡುವವರ ಎದುರಿಗೇ ಕೂರಿಸಿ. ಪಂಚಾಂಗ, ಅಂದರೆ ಗೋಡೆ ಕೂರುವ ತಳಪಾಯ, ಕಟ್ಟಿ ಮುಗಿದ ಮೇಲೆ ಅಡುಗೆ ಕೋಣೆಯ ದಿಕ್ಕು ಬದಲಾಯಿಸುವುದು, ಮೆಟ್ಟಿಲು ತಿರುಗಿಸುವುದು ಬಂದರೆ ಇಂಜಿನಿಯರ್ ಮಾಡಿದ ಭಾರದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಮಗ ಗಲ್ಫಿನಲ್ಲಿದ್ದಾನೆ, ಅಲ್ಲಿಂದಲೇ ವಾಟ್ಸಾಪಿನಲ್ಲಿ ಎಲ್ಲ ಹೇಳುತ್ತಾನೆ, ಇಲ್ಲಿ ನಾವು ಇಬ್ಬರು ಮುದುಕರು ಎಂದು ಇನ್ನೊಬ್ಬರು ಕೇಳಿದ್ದಾರೆ. ಅಂಥ ಮನೆಯವರು ಡಿಸೈನ್ ಮಾಡಿದವರಿಗೇ ಮೇಲ್ವಿಚಾರಣೆಯನ್ನೂ ಹಣ ಕೊಟ್ಟು ಒಪ್ಪಿಸಿ. ಕಾಂಟ್ರಾಕ್ಟರಿಗೆ ಕಂತು ಹೋಗುವ ಮೊದಲು "ಇಷ್ಟು ಕೆಲಸ ಡ್ರಾಯಿಂಗಿನ ಹಾಗೆ ಆಗಿದೆ" ಎಂದು ಅವರು ಬರೆದುಕೊಡಲಿ, ಮಗ ಅದನ್ನು ನೋಡಿಯೇ ಹಣ ಕಳಿಸಲಿ. ಕೆಲಸ ನಡುವೆ ಕೆಟ್ಟುಹೋದರೆ ಆಗಿರುವಷ್ಟಕ್ಕೆ ಅಳತೆ ಮಾಡಿಸಿ, ಫೋಟೋ ತೆಗೆಸಿ, ಲೆಕ್ಕ ಚುಕ್ತಾ ಮಾಡಿ, ಹಣ ಕೊಟ್ಟ ಡ್ರಾಯಿಂಗುಗಳನ್ನು ಕೈಗೆ ತೆಗೆದುಕೊಂಡು ಬೇರೆಯವರನ್ನು ಹುಡುಕಿ. ತೀರಾ ಅನ್ಯಾಯವಾದರೆ, ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕರಾರಿನ ಕಾಗದ ಆಗ ಬೇಕಾಗುತ್ತದೆ.

ಹಿಂದೆ ಕೂತಿರುವ ಅಕ್ಕ ಒಬ್ಬರು ಕೇಳಿದರು, ಕೇರಳ ಸರಕಾರದ ಲೈಫ್ ವಸತಿ ಯೋಜನೆಯಲ್ಲಿ ನಾಲ್ಕು ಲಕ್ಷ ಸಿಗುವ ನಮ್ಮಂಥವರು ಇಂಜಿನಿಯರಿಗೆ ಎಲ್ಲಿಂದ ಕೊಡುವುದು ಎಂದು. ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದು. ನಾನೂರು ಚದರ ಅಡಿಯ ಮನೆಯಲ್ಲಿ ಒಂದು ಬಾಗಿಲು ತಪ್ಪು ಜಾಗಕ್ಕೆ ಬಂದರೆ ಒಂದು ಮಂಚದ ಜಾಗವೇ ಹೋಗುತ್ತದೆ. ದೊಡ್ಡ ಮನೆ ಅಂಥ ತಪ್ಪನ್ನು ತಾಳಿಕೊಳ್ಳುತ್ತದೆ, ಚಿಕ್ಕ ಮನೆ ತಾಳಿಕೊಳ್ಳುವುದಿಲ್ಲ. ಅಕ್ಕ, ನೀವು ಪೂರ್ತಿ ವಿನ್ಯಾಸಕ್ಕೆ ಹಣ ಕೊಡಬೇಕಾಗಿಲ್ಲ. ಮಾದರಿ ಪ್ಲಾನ್ ಹಿಡಿದುಕೊಂಡು ಒಬ್ಬ ಇಂಜಿನಿಯರನ್ನು ಒಂದೇ ಸಲ, ಒಂದು ಗಂಟೆ ಜಾಗಕ್ಕೆ ಕರೆಸಿ. ಬಾಗಿಲು ಕಿಟಕಿ ಎಲ್ಲಿ, ಮಾಡಿನ ಅಂಚು ಎಷ್ಟು ಹೊರಗೆ, ದರೆಯಿಂದ ಎಷ್ಟು ದೂರ, ಮುಂದೆ ಒಂದು ಕೋಣೆ ಸೇರಿಸುವುದಾದರೆ ಯಾವ ಬದಿಗೆ ಎಂಬ ನಾಲ್ಕನ್ನು ಮಾತ್ರ ಕೇಳಿ ಅದೇ ಪ್ಲಾನಿನ ಮೇಲೆ ಬರೆಸಿಕೊಳ್ಳಿ. ಕಡಿಮೆ ಖರ್ಚಿನಲ್ಲಿ ಕಟ್ಟಲು ನೆರವಾಗುವ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲೂ ವಿಚಾರಿಸಿ. ಇಲ್ಲಿ ನಮ್ಮ ಇಂಜಿನಿಯರ್ ಮಿತ್ರರು ಆರೇಳು ಜನ ಇದ್ದೀರಿ. ನಿಮ್ಮ ನಿಮ್ಮ ವಾರ್ಡಿನಲ್ಲಿ ಈ ವರ್ಷ ಲೈಫ್ ಮನೆ ಯಾರಿಗೆ ಮಂಜೂರಾಗಿದೆ ಎಂದು ಮೆಂಬರನ್ನು ಕೇಳಿ ತಿಳಿದುಕೊಂಡು, ಒಬ್ಬೊಬ್ಬರು ಒಂದೊಂದು ಮನೆಗೆ ಆ ಒಂದು ಗಂಟೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಅಕ್ಕನ ಜಾಗ ನೋಡಲು ಬರುವ ಭಾನುವಾರ ನಾನು ಹೋಗುತ್ತೇನೆ. ಸಭೆ ಮುಗಿದ ಮೇಲೆ ದಾರಿ ಹೇಳಿ, ಅಕ್ಕ.